ಸರ್ವಾಂಗ ಕಂಪನ ವ್ಯಾಯಾಮ: ಬೊಜ್ಜು ಮತ್ತು ಸ್ನಾಯುಗಳ ಆರೋಗ್ಯದ ಮೇಲೆ ಅದರ ಪರಿಣಾಮಗಳು – ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ನಿಂತಲ್ಲಿಯೇ ನಿಂತು ದೇಹವನ್ನು ಕಂಪಿಸುವಂತೆ ಮಾಡುವ ಯಂತ್ರಗಳು ಇತ್ತೀಚಿನ ವರ್ಷಗಳಲ್ಲಿ ನಗರದ ವ್ಯಾಯಾಮಶಾಲೆಗಳನ್ನು ದಾಟಿ ಗ್ರಾಮಾಂತರ ಪ್ರದೇಶದ ಮನೆಗಳನ್ನೂ ತಲುಪಿರುತ್ತವೆ. ದೂರದರ್ಶನ ವಾಹಿನಿಗಳಲ್ಲಿಯೂ ಮೊಬೈಲ್ ದೂರವಾಣಿಗಳಲ್ಲಿಯೂ ಬರುವ ಜಾಹೀರಾತುಗಳನ್ನು ನೋಡಿ, ದಿನಕ್ಕೆ ಹತ್ತು ನಿಮಿಷ ಇದರ ಮೇಲೆ ನಿಂತರೆ ಬೊಜ್ಜು ಕರಗುವುದು, ಮಂಡಿನೋವು ಹೋಗುವುದು, ನಡಿಗೆಯ ಅಗತ್ಯವೇ ಇಲ್ಲ ಎಂದು ನಂಬಿ ಹಲವು ಸಾವಿರ ರೂಪಾಯಿಗಳನ್ನು ವ್ಯಯ ಮಾಡುವವರಿದ್ದಾರೆ. ಕಡೂರು ತಾಲ್ಲೂಕಿನ ಸಖರಾಯಪಟ್ಟಣ ಹೋಬಳಿಯ ನಾಗರಿಕರೂ ಸೇರಿದಂತೆ, ಆರೋಗ್ಯ ಸೇವೆಗಳಿಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರು ಈ ವಿಷಯದಲ್ಲಿ ಸರಿಯಾದ ತಿಳುವಳಿಕೆ ಪಡೆದು ತಮ್ಮ ಹಣ ಹಾಗೂ ಆರೋಗ್ಯ ಎರಡನ್ನೂ ಕಾಪಾಡಿಕೊಳ್ಳಲಿ ಎಂಬ ಉದ್ದೇಶದಿಂದ ಈ ಲೇಖನವನ್ನು ಪ್ರಕಟಿಸಲಾಗಿದೆ.

ಸಂಕ್ಷಿಪ್ತವಾಗಿ ಹೇಳುವುದಾದರೆ, ಸದರಿ ಯಂತ್ರದಿಂದ ದುರ್ಬಲರಾದವರ ಕಾಲಿನ ಸ್ನಾಯುಗಳಿಗೆ ಸ್ವಲ್ಪ ಪ್ರಯೋಜನವುಂಟು. ಬೊಜ್ಜನ್ನು ಕರಗಿಸುವ ಶಕ್ತಿ ಅದಕ್ಕೆ ಬಹಳ ಕಡಿಮೆ. ನಡಿಗೆ, ಮಿತ ಆಹಾರ ಮತ್ತು ವೈದ್ಯರು ಕೊಟ್ಟ ಔಷಧಿ – ಈ ಮೂರರಲ್ಲಿ ಯಾವುದಕ್ಕೂ ಅದು ಬದಲಿಯಲ್ಲ.

2. ಸರ್ವಾಂಗ ಕಂಪನ ವ್ಯಾಯಾಮ ಎಂದರೇನು?

ವಿದ್ಯುತ್ ಮೋಟಾರಿನಿಂದ ನಡುಗುವ ಹಲಗೆಯೊಂದರ ಮೇಲೆ ವ್ಯಕ್ತಿಯು ನಿಂತು ಅಥವಾ ಮಂಡಿ ಬಗ್ಗಿಸಿ ಮಾಡುವ ವ್ಯಾಯಾಮಕ್ಕೆ ಸರ್ವಾಂಗ ಕಂಪನ ವ್ಯಾಯಾಮ ಎಂದು ಹೆಸರು. ಜನರು ಇದನ್ನು ವೈಬ್ರೇಷನ್ ಮೆಷಿನ್ ಎಂದು ಕರೆಯುವುದುಂಟು. ಈ ಯಂತ್ರಗಳಲ್ಲಿ ಮುಖ್ಯವಾಗಿ ಎರಡು ವಿಧ:

(ಅ) ಇಡೀ ಹಲಗೆಯು ಒಟ್ಟಿಗೆ ಮೇಲಕ್ಕೂ ಕೆಳಕ್ಕೂ ಚಲಿಸುವಂಥವು.
(ಆ) ತಕ್ಕಡಿಯಂತೆ ಎಡಬದಿ ಏರಿದಾಗ ಬಲಬದಿ ಇಳಿಯುವಂಥವು.

ಸಾಮಾನ್ಯವಾಗಿ ಹಲಗೆಯು ಸೆಕೆಂಡಿಗೆ 15 ರಿಂದ 50 ಬಾರಿ ಕಂಪಿಸುತ್ತದೆ. ಪ್ರತಿ ಕಂಪನದ ಅಳತೆ ಕೆಲವು ಮಿಲಿಮೀಟರ್ ಮಾತ್ರ. ಅಳತೆ ಚಿಕ್ಕದಾದರೂ ಬಲ ಚಿಕ್ಕದಲ್ಲ. ಉದಾಹರಣೆಗೆ, ಹಲಗೆಯು ಮಧ್ಯಸ್ಥಾನದಿಂದ ಎರಡೂ ಕಡೆಗೆ 2 ಮಿಲಿಮೀಟರ್‌ನಂತೆ ಸೆಕೆಂಡಿಗೆ 30 ಬಾರಿ ಕಂಪಿಸಿದರೆ, ಪಾದಕ್ಕೆ ತಗಲುವ ಗರಿಷ್ಠ ವೇಗೋತ್ಕರ್ಷವು ಭೂಮಿಯ ಗುರುತ್ವಾಕರ್ಷಣೆಯ ಸುಮಾರು ಏಳರಷ್ಟಾಗುತ್ತದೆ. ಕಂಪನಗಳ ಸಂಖ್ಯೆಯನ್ನು ಎರಡು ಪಟ್ಟು ಮಾಡಿದರೆ ಈ ವೇಗೋತ್ಕರ್ಷವು ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಯಂತ್ರದ ಗುಂಡಿಯನ್ನು ಒಂದು ಅಂಕಿಯಿಂದ ಮುಂದಿನ ಅಂಕಿಗೆ ತಿರುಗಿಸುವುದನ್ನು ಸಣ್ಣ ವಿಷಯವೆಂದು ಭಾವಿಸಬಾರದು.

ಸ್ನಾಯುಗಳ ಒಳಗೆ ಅವುಗಳ ಉದ್ದದಲ್ಲಾಗುವ ಬದಲಾವಣೆಯನ್ನು ಗುರುತಿಸುವ ಸೂಕ್ಷ್ಮ ಸಂವೇದಕಗಳಿರುತ್ತವೆ. ಕಂಪನದಿಂದ ಸ್ನಾಯು ಕ್ಷಣಕ್ಷಣಕ್ಕೂ ಎಳೆಯಲ್ಪಟ್ಟಾಗ ಈ ಸಂವೇದಕಗಳು ಬೆನ್ನುಹುರಿಗೆ ಸಂಕೇತ ಕಳುಹಿಸುತ್ತವೆ. ಬೆನ್ನುಹುರಿಯು ಸ್ನಾಯುವನ್ನು ಬಿಗಿಯಾಗುವಂತೆ ಮಾಡುತ್ತದೆ. ವ್ಯಕ್ತಿಯು ಇಚ್ಛಿಸದೆಯೇ ನಡೆಯುವ ಈ ಪ್ರತಿಕ್ರಿಯೆಯನ್ನು ಸ್ವೀಡನ್ನಿನ ವಿಜ್ಞಾನಿಗಳಾದ ಎಕ್ಲುಂಡ್ ಮತ್ತು ಹಾಗ್‌ಬಾರ್ತ್ ಅವರು 1966ರಲ್ಲಿ ವಿವರವಾಗಿ ದಾಖಲಿಸಿದರು. ಕಂಪನ ವ್ಯಾಯಾಮದಿಂದ ಸ್ನಾಯುಗಳಿಗೆ ಪ್ರಯೋಜನವಾಗಬಹುದೆಂಬ ವಾದಕ್ಕೆ ಇದೇ ಆಧಾರವಾಗಿರುತ್ತದೆ.

3. ಈ ವಿಧಾನವು ಬೆಳೆದು ಬಂದ ಬಗೆ

ಕಂಪನದಿಂದ ಚಿಕಿತ್ಸೆ ನೀಡುವ ಆಲೋಚನೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಸ್ವೀಡನ್ನಿನ ವೈದ್ಯ ಗುಸ್ತಾವ್ ಝಾಂಡರ್ ಅವರು ಯಂತ್ರಗಳಿಂದ ವ್ಯಾಯಾಮ ಮಾಡಿಸುವ ಸಂಸ್ಥೆಯನ್ನು ಸ್ಟಾಕ್‌ಹೋಮ್‌ನಲ್ಲಿ ನಡೆಸುತ್ತಿದ್ದರು. ತರುವಾಯ ಅಮೆರಿಕದಲ್ಲಿ ಜಾನ್ ಹಾರ್ವೆ ಕೆಲಾಗ್ ಅವರು ತಮ್ಮ ಆರೋಗ್ಯಧಾಮದಲ್ಲಿ ಕಂಪಿಸುವ ಕುರ್ಚಿಗಳನ್ನು ಬಳಸಿದರು. 1980ರ ದಶಕದಲ್ಲಿ ಸೋವಿಯತ್ ಒಕ್ಕೂಟದ ನಜರೋವ್ ಅವರು ಕ್ರೀಡಾಪಟುಗಳ ತರಬೇತಿಯಲ್ಲಿ ಕಂಪನವನ್ನು ಪ್ರಯೋಗಿಸಿದರು.

ಬಾಹ್ಯಾಕಾಶಯಾನವೂ ಈ ವಿಷಯದಲ್ಲಿ ಆಸಕ್ತಿಯನ್ನು ಹೆಚ್ಚಿಸಿತು. ತೂಕದ ಅನುಭವವಿಲ್ಲದ ಸ್ಥಿತಿಯಲ್ಲಿ ಕೆಲವೇ ವಾರ ಕಳೆದರೂ ಕಾಲಿನ ಸ್ನಾಯುಗಳು ಕ್ಷೀಣಿಸುತ್ತವೆ. 2025ರ ಜೂನ್–ಜುಲೈ ತಿಂಗಳುಗಳಲ್ಲಿ ಭಾರತದ ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದಾಗ ನಡೆಸಿದ ಪ್ರಯೋಗಗಳಲ್ಲಿ, ಸ್ನಾಯುಕೋಶಗಳು ಅಲ್ಲಿ ಹೇಗೆ ಬೆಳೆಯುತ್ತವೆ ಎಂಬ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಪ್ರಯೋಗವೂ ಒಂದಾಗಿತ್ತು. ಹಾಸಿಗೆ ಹಿಡಿದ ವೃದ್ಧರಲ್ಲಿಯೂ ಇಂತಹುದೇ ಕ್ಷೀಣತೆ ಉಂಟಾಗುತ್ತದೆ. ಬಳಸದ ಸ್ನಾಯು ಉಳಿಯುವುದಿಲ್ಲ ಎಂಬ ನಿಯಮವು ಗಗನಯಾತ್ರಿಗೂ ಜಗಲಿಯ ಮೇಲೆ ಕುಳಿತೇ ದಿನ ಕಳೆಯುವ ಅಜ್ಜನಿಗೂ ಒಂದೇ ಆಗಿದೆ.

4. ಬೊಜ್ಜಿನ ಮೇಲೆ ಪರಿಣಾಮ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (2019–21) ಪ್ರಕಾರ ಕರ್ನಾಟಕದ ವಯಸ್ಕ ಮಹಿಳೆಯರಲ್ಲಿಯೂ ಪುರುಷರಲ್ಲಿಯೂ ಸುಮಾರು ಶೇಕಡ 30ರಷ್ಟು ಮಂದಿ ಅಧಿಕ ತೂಕ ಅಥವಾ ಬೊಜ್ಜು ಹೊಂದಿರುತ್ತಾರೆ. ಆದ್ದರಿಂದ ಇದು ನಗರದ ಶ್ರೀಮಂತರ ಸಮಸ್ಯೆಯೆಂದು ಕಡೆಗಣಿಸುವಂತಿಲ್ಲ.

ಬೊಜ್ಜನ್ನು ಅಳೆಯುವ ಸರಳ ವಿಧಾನ ಹೀಗಿದೆ. ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರ್‌ಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಬೇಕು. ಇದಕ್ಕೆ ಬಿ.ಎಂ.ಐ. ಎಂದು ಹೆಸರು. 160 ಸೆಂಟಿಮೀಟರ್ ಎತ್ತರ ಹಾಗೂ 64 ಕಿಲೋ ತೂಕವುಳ್ಳವರ ಬಿ.ಎಂ.ಐ. 25 ಆಗುತ್ತದೆ. ಭಾರತೀಯರಿಗೆ 23ಕ್ಕಿಂತ ಹೆಚ್ಚಿದ್ದರೆ ಎಚ್ಚರಿಕೆ ಅಗತ್ಯವೆಂದು ತಜ್ಞರು ನಿರ್ಧರಿಸಿರುತ್ತಾರೆ. ಸೊಂಟದ ಸುತ್ತಳತೆಯು ಪುರುಷರಲ್ಲಿ 90 ಸೆಂಟಿಮೀಟರ್, ಮಹಿಳೆಯರಲ್ಲಿ 80 ಸೆಂಟಿಮೀಟರ್ ಮೀರಿದ್ದರೆ ಮಧುಮೇಹ ಹಾಗೂ ಹೃದ್ರೋಗದ ಸಂಭವ ಹೆಚ್ಚು.

ಕಂಪನ ಯಂತ್ರವು ಬೊಜ್ಜನ್ನು ಕರಗಿಸುವುದೆಂಬ ಸುದ್ದಿಗೆ ಬಹುಮಟ್ಟಿಗೆ ಇಲಿಗಳ ಮೇಲಿನ ಪ್ರಯೋಗಗಳೇ ಕಾರಣ. 2007ರಲ್ಲಿ ಅಮೆರಿಕದ ಕ್ಲಿಂಟನ್ ರೂಬಿನ್ ಮತ್ತು ಸಂಗಡಿಗರು ಎಳೆಯ ಇಲಿಗಳನ್ನು ದಿನಕ್ಕೆ 15 ನಿಮಿಷದಂತೆ 15 ವಾರಗಳ ಕಾಲ ಅತಿ ಸೌಮ್ಯ ಕಂಪನಕ್ಕೆ ಒಳಪಡಿಸಿದಾಗ ಅವುಗಳಲ್ಲಿ ಕೊಬ್ಬು ಶೇಕಡ 27ರಷ್ಟು ಕಡಿಮೆ ಬೆಳೆಯಿತು. 2017ರಲ್ಲಿ ಅಮೆರಿಕದ ಆಗಸ್ಟಾ ವಿಶ್ವವಿದ್ಯಾಲಯದ ಸಂಶೋಧಕರು, ಆನುವಂಶಿಕ ದೋಷದಿಂದ ಬೊಜ್ಜು ಹಾಗೂ ಮಧುಮೇಹ ಉಂಟಾಗುವ ಇಲಿಗಳಲ್ಲಿ 12 ವಾರಗಳ ಕಂಪನವು ಟ್ರೆಡ್‌ಮಿಲ್ ಓಟವನ್ನು ಹೋಲುವ ಕೆಲವು ಪರಿಣಾಮಗಳನ್ನು ಬೀರಿತೆಂದು ವರದಿ ಮಾಡಿದರು. ಈ ಪ್ರಯೋಗಗಳು ವಿಜ್ಞಾನದ ದೃಷ್ಟಿಯಿಂದ ಮಹತ್ವದವು. ಆದರೆ ಕೆಲವೇ ಗ್ರಾಂ ತೂಗುವ ಪ್ರಾಣಿಯಲ್ಲಿ ಕಂಡ ಫಲವು 70 ಕಿಲೋ ತೂಗುವ ಮನುಷ್ಯನಲ್ಲಿಯೂ ದೊರೆಯುವುದೆಂದು ಭಾವಿಸಲಾಗದು.

ಮನುಷ್ಯರ ಮೇಲಿನ ಅಧ್ಯಯನಗಳು ಬೇರೆಯೇ ಚಿತ್ರವನ್ನು ನೀಡುತ್ತವೆ. 2004ರಲ್ಲಿ ಬೆಲ್ಜಿಯಂನ ಲ್ಯೂವೆನ್ ನಗರದಲ್ಲಿ ವ್ಯಾಯಾಮದ ಅಭ್ಯಾಸವಿಲ್ಲದ ಯುವತಿಯರಿಗೆ 24 ವಾರಗಳ ಕಂಪನ ತರಬೇತಿ ನೀಡಲಾಯಿತು. ಕಾಲಿನ ಬಲ ಹೆಚ್ಚಿತು. ದೇಹದ ತೂಕವಾಗಲಿ ಕೊಬ್ಬಿನ ಪ್ರಮಾಣವಾಗಲಿ ಗಮನಾರ್ಹವಾಗಿ ಇಳಿಯಲಿಲ್ಲ. 2010ರಲ್ಲಿ ಪ್ರಕಟವಾದ ಅದೇ ದೇಶದ ಆಂಟ್ವರ್ಪ್ ನಗರದ ಅಧ್ಯಯನವೊಂದರಲ್ಲಿ, ಆಹಾರ ನಿಯಂತ್ರಣದೊಂದಿಗೆ ಕಂಪನ ವ್ಯಾಯಾಮವನ್ನೂ ಮಾಡಿದವರಲ್ಲಿ ಹೊಟ್ಟೆಯೊಳಗಿನ ಕೊಬ್ಬು ಹೆಚ್ಚು ಇಳಿದದ್ದು ಕಂಡುಬಂದಿತು. ಇದು ಆಶಾದಾಯಕವೇ ಸರಿ. ಆದರೆ ಅಧ್ಯಯನವು ಚಿಕ್ಕದು, ಮತ್ತು ಅಲ್ಲಿ ಆಹಾರ ನಿಯಂತ್ರಣವೂ ಇದ್ದಿತೆಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ.

ವಿಷಯವನ್ನು ಜಮಾ-ಖರ್ಚಿನ ಲೆಕ್ಕದಂತೆ ನೋಡಿದರೆ ಸ್ಪಷ್ಟವಾಗುತ್ತದೆ. ಆಹಾರದಿಂದ ಬರುವ ಶಕ್ತಿ ಜಮಾ. ದೇಹವು ಬಳಸುವ ಶಕ್ತಿ ಖರ್ಚು. ಉಳಿಕೆಯು ಕೊಬ್ಬಾಗಿ ಶೇಖರವಾಗುತ್ತದೆ. ಕಂಪನ ಹಲಗೆಯ ಮೇಲೆ ನಿಂತಾಗ 70 ಕಿಲೋ ತೂಕದ ವ್ಯಕ್ತಿಗೆ ನಿಮಿಷಕ್ಕೆ ಅಂದಾಜು ಒಂದೂವರೆ ಕಿಲೊಕ್ಯಾಲೊರಿ ಮಾತ್ರ ಹೆಚ್ಚು ಖರ್ಚಾಗುತ್ತದೆ.

– 10 ನಿಮಿಷದ ಕಂಪನ: ಸುಮಾರು 15 ಕಿಲೊಕ್ಯಾಲೊರಿ ಖರ್ಚು.
– ಕಾಫಿಗೆ ಹಾಕುವ ಒಂದು ಚಮಚ (5 ಗ್ರಾಂ) ಸಕ್ಕರೆ: 20 ಕಿಲೊಕ್ಯಾಲೊರಿ ಜಮಾ.
– 30 ನಿಮಿಷದ ಬಿರುಸು ನಡಿಗೆ: ಸುಮಾರು 100 ಕಿಲೊಕ್ಯಾಲೊರಿ ಖರ್ಚು.
– ಒಂದು ಕಿಲೋ ಕೊಬ್ಬು: ಸುಮಾರು 7,700 ಕಿಲೊಕ್ಯಾಲೊರಿ ಶೇಖರಣೆ.

ಈ ಲೆಕ್ಕದಂತೆ, ಆಹಾರದಲ್ಲಿ ಬದಲಾವಣೆಯಿಲ್ಲದೆ ದಿನಕ್ಕೆ ಹತ್ತು ನಿಮಿಷದ ಕಂಪನದಿಂದಲೇ ಒಂದು ಕಿಲೋ ಕೊಬ್ಬು ಇಳಿಸಲು 500ಕ್ಕೂ ಹೆಚ್ಚು ದಿನಗಳು ಬೇಕು. ನಡಿಗೆಯಿಂದಾದರೆ ಸುಮಾರು 77 ದಿನಗಳು ಸಾಕು. ಕಾಫಿಯಲ್ಲಿ ದಿನಕ್ಕೆ ಒಂದು ಚಮಚ ಸಕ್ಕರೆ ಬಿಟ್ಟವರು ಯಂತ್ರವನ್ನು ಕೊಂಡವರಿಗಿಂತ ಮುಂದಿರುತ್ತಾರೆ.

5. ಸ್ನಾಯು ಮತ್ತು ಮೂಳೆಗಳ ಮೇಲೆ ಪರಿಣಾಮ

ವಯಸ್ಸು ಏರಿದಂತೆ ಸ್ನಾಯುಗಳ ಗಾತ್ರವೂ ಬಲವೂ ಕುಗ್ಗುವುದನ್ನು ವೈದ್ಯರು ಸಾರ್ಕೊಪೀನಿಯ ಎನ್ನುತ್ತಾರೆ. ಬೊಜ್ಜಿರುವವರಲ್ಲಿಯೂ ಇದು ಇರಬಹುದು. ತೂಕ ಹೆಚ್ಚಿದ್ದು ಸ್ನಾಯು ಕಡಿಮೆಯಿರುವ ಸ್ಥಿತಿಯು ಎರಡರಲ್ಲೊಂದು ಮಾತ್ರ ಇರುವ ಸ್ಥಿತಿಗಿಂತ ಅಪಾಯಕರ. ಇಂಥವರು ಬಚ್ಚಲಲ್ಲಿ ಜಾರಿ ಬಿದ್ದರೆ ತೊಡೆಯ ಮೂಳೆಯ ಮೇಲ್ತುದಿ ಮುರಿಯಬಹುದು. ಅನಂತರ ಹಾಸಿಗೆಯಲ್ಲಿಯೇ ತಿಂಗಳುಗಟ್ಟಲೆ ಇರಬೇಕಾಗಬಹುದು. ಸ್ನಾಯುಗಳ ವಿಷಯ ಮುಖ್ಯವಾಗುವುದು ಈ ಕಾರಣದಿಂದ.

ಈ ವಿಷಯದಲ್ಲಿ ಕಂಪನ ವ್ಯಾಯಾಮಕ್ಕೆ ಸ್ವಲ್ಪ ಆಧಾರವಿದೆ. 2004ರಲ್ಲಿ ಲ್ಯೂವೆನ್‌ನಲ್ಲಿಯೇ ಮುಟ್ಟು ನಿಂತ 70 ಮಹಿಳೆಯರ ಮೇಲೆ ನಡೆದ ಆರು ತಿಂಗಳ ಅಧ್ಯಯನದಲ್ಲಿ, ಕಂಪನ ತರಬೇತಿ ಪಡೆದವರ ಕಾಲಿನ ಬಲ ಸುಮಾರು ಶೇಕಡ 15ರಷ್ಟು ಹೆಚ್ಚಿತು. ಸೊಂಟದ ಕೀಲಿನ ಮೂಳೆ ಸಾಂದ್ರತೆಯು ಶೇಕಡ 1ಕ್ಕಿಂತ ತುಸು ಕಡಿಮೆ ಪ್ರಮಾಣದಲ್ಲಿ ಏರಿತು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಕಂಪನ ವ್ಯಾಯಾಮದಿಂದ ವೃದ್ಧರು ಬೀಳುವ ಪ್ರಮಾಣ ಕಡಿಮೆಯಾಗುವುದೆಂದು ಕಂಡುಕೊಂಡಿತು. ಏನೂ ವ್ಯಾಯಾಮ ಮಾಡದವರಿಗೆ ಹೋಲಿಸಿದರೆ ಪ್ರಯೋಜನವಿದೆ. ಆದರೆ ಅದೇ ಬಸ್ಕಿಗಳನ್ನು ನೆಲದ ಮೇಲೆ ಕ್ರಮವಾಗಿ ಮಾಡುವವರಿಗೆ ಹೋಲಿಸಿದರೆ ಕಂಪನದಿಂದ ದೊರೆಯುವ ಹೆಚ್ಚುವರಿ ಲಾಭ ಅಲ್ಪ.

ಮೂಳೆಗಳ ವಿಷಯದಲ್ಲಿ ನಿರೀಕ್ಷೆ ಹುಸಿಯಾಯಿತೆಂದೇ ಹೇಳಬೇಕು. 2001ರಲ್ಲಿ ಕುರಿಗಳ ಮೇಲೆ ನಡೆದ ಒಂದು ವರ್ಷದ ಪ್ರಯೋಗದಲ್ಲಿ ತೊಡೆಮೂಳೆಯ ಒಳಭಾಗದ ಸಾಂದ್ರತೆ ಶೇಕಡ 34ರಷ್ಟು ಹೆಚ್ಚಿ ಆಶ್ಚರ್ಯ ಮೂಡಿಸಿತ್ತು. ಆದರೆ ಕೆನಡಾದ ಟೊರಾಂಟೊ ನಗರದಲ್ಲಿ ಮುಟ್ಟು ನಿಂತ 202 ಮಹಿಳೆಯರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 20 ನಿಮಿಷದಂತೆ ಒಂದು ವರ್ಷ ಸೌಮ್ಯ ಕಂಪನದ ಮೇಲೆ ನಿಂತರೂ ಮೂಳೆ ಸಾಂದ್ರತೆ ಸುಧಾರಿಸಲಿಲ್ಲ. ಆದ್ದರಿಂದ ಮೂಳೆ ಸವೆತಕ್ಕೆ ವೈದ್ಯರು ನೀಡಿದ ಔಷಧಿಯನ್ನು ಯಂತ್ರದ ನಂಬಿಕೆಯಿಂದ ನಿಲ್ಲಿಸಬಾರದು.

6. ಟ್ರ್ಯಾಕ್ಟರ್ ಹಾಗೂ ವಾಹನಗಳ ಕಂಪನ

ತೆಂಗು, ಅಡಿಕೆ ತೋಟಗಳೂ ರಾಗಿಯ ಹೊಲಗಳೂ ಇರುವ ಈ ಭಾಗದಲ್ಲಿ ಟ್ರ್ಯಾಕ್ಟರ್ ಓಡಿಸುವ ರೈತರಿಗೆ ದೇಹದ ಕಂಪನ ಹೊಸದೇನಲ್ಲ. ದಿನವಿಡೀ ಟ್ರ್ಯಾಕ್ಟರ್ ಆಸನದ ಮೇಲೆ ಕುಳಿತು ಅಲುಗಾಡುವುದೂ ವ್ಯಾಯಾಮವಲ್ಲವೇ ಎಂಬ ಪ್ರಶ್ನೆ ಸಹಜ. ಉತ್ತರ: ಅಲ್ಲ, ಅದು ಹಾನಿಕರ.

ಕುಳಿತ ಮನುಷ್ಯನ ಬೆನ್ನೆಲುಬು ಸೆಕೆಂಡಿಗೆ 4 ರಿಂದ 8 ಬಾರಿಯ ಕಂಪನಕ್ಕೆ ಅತಿ ಹೆಚ್ಚು ಸ್ಪಂದಿಸುತ್ತದೆ. ಉಳುಮೆಯ ವಾಹನಗಳ ಕಂಪನವು ಬಹುಪಾಲು ಇದೇ ಮಿತಿಯಲ್ಲಿ ಅಥವಾ ಇದರ ಸಮೀಪ ಇರುತ್ತದೆ. ಗಂಟೆಗಟ್ಟಲೆ ಇಂತಹ ಕಂಪನಕ್ಕೆ ಒಳಗಾಗುವ ಚಾಲಕರಲ್ಲಿ ಸೊಂಟನೋವು ಹೆಚ್ಚೆಂಬುದು ಅನೇಕ ದೇಶಗಳ ಅನುಭವ. ಐರೋಪ್ಯ ಒಕ್ಕೂಟವು 2002ರ ನಿರ್ದೇಶನದ ಮೂಲಕ ಎಂಟು ಗಂಟೆಗಳ ಕೆಲಸದ ದಿನಕ್ಕೆ ಕಂಪನದ ಮಿತಿಯನ್ನು ಚದರ ಸೆಕೆಂಡಿಗೆ 1.15 ಮೀಟರ್ ಎಂದು ನಿಗದಿಪಡಿಸಿದೆ. 0.5 ಮೀಟರ್ ದಾಟಿದೊಡನೆ ಮುನ್ನೆಚ್ಚರಿಕೆ ಕ್ರಮ ಕೈಗೊಳ್ಳತಕ್ಕದ್ದೆಂದು ತಿಳಿಸಿದೆ.

ಕೆಲಸದ ಸ್ಥಳಕ್ಕೆ ರೂಪಿಸಿದ ಅಂತರರಾಷ್ಟ್ರೀಯ ಅಳತೆಗೋಲಿನಿಂದ ವ್ಯಾಯಾಮ ಯಂತ್ರಗಳನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಪ್ರಬಲ ಯಂತ್ರಗಳ ಮೇಲಿನ 10 ನಿಮಿಷವೇ ದಿನದ ಮಿತಿಯನ್ನು ಮೀರುವುದೆಂದು ಕಂಡುಬಂದಿತು. ಮಂಡಿಯನ್ನು ನೆಟ್ಟಗೆ ಇಟ್ಟು ನಿಂತರೆ ಕಂಪನವು ತಲೆಯವರೆಗೆ ಹೆಚ್ಚು ಏರುವುದೆಂದೂ, ತಕ್ಕಡಿಯಂತೆ ಚಲಿಸುವ ಹಲಗೆಯಲ್ಲಿ ಅದು ಕಡಿಮೆಯೆಂದೂ ಅದೇ ಅಧ್ಯಯನ ತಿಳಿಸಿತು. ದಿನವೆಲ್ಲಾ ಟ್ರ್ಯಾಕ್ಟರ್ ಅಥವಾ ಬಸ್ಸು ಓಡಿಸಿ ಸೊಂಟನೋವಿನಿಂದ ಬಳಲುವವರು ಸಂಜೆ ಮನೆಯಲ್ಲಿ ಮತ್ತೆ ಕಂಪನ ಯಂತ್ರವನ್ನೇರುವುದು ಸೂಕ್ತವಲ್ಲ. ಅವರಿಗೆ ನಡಿಗೆಯೇ ಉತ್ತಮ.

7. ಯಾರು ಈ ಯಂತ್ರವನ್ನು ಬಳಸಬಾರದು?

ಕೆಳಕಂಡವರು ವೈದ್ಯರ ಸ್ಪಷ್ಟ ಅನುಮತಿಯಿಲ್ಲದೆ ಸದರಿ ಯಂತ್ರವನ್ನು ಬಳಸಬಾರದು:

(1) ಗರ್ಭಿಣಿಯರು.
(2) ಹೃದಯದಲ್ಲಿ ಪೇಸ್‌ಮೇಕರ್ ಅಳವಡಿಸಿಕೊಂಡವರು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವವರು.
(3) ಇತ್ತೀಚೆಗೆ ಮೂಳೆ ಮುರಿದವರು, ಶಸ್ತ್ರಚಿಕಿತ್ಸೆಗೆ ಒಳಗಾದವರು, ಕೃತಕ ಕೀಲು ಹಾಕಿಸಿಕೊಂಡವರು.
(4) ಬೆನ್ನಿನ ಡಿಸ್ಕ್ ಜಾರಿರುವವರು, ತೀವ್ರ ಮೂಳೆ ಸವೆತ ಇರುವವರು.
(5) ಮೂತ್ರಪಿಂಡ ಅಥವಾ ಪಿತ್ತಕೋಶದಲ್ಲಿ ಕಲ್ಲು ಇರುವವರು.
(6) ಮೂರ್ಛೆರೋಗ ಅಥವಾ ತೀವ್ರ ಅರೆತಲೆನೋವು ಇರುವವರು.
(7) ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರು, ಪಾದದಲ್ಲಿ ಹುಣ್ಣು ಇರುವವರು.
(8) ಅಕ್ಷಿಪಟಲದ ತೊಂದರೆ ಇರುವವರು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿ ಕೃತಕ ಮಸೂರ ಹಾಕಿಸಿಕೊಂಡವರು.

ಕೊನೆಯ ಅಂಶವನ್ನು ಹಿರಿಯರು ವಿಶೇಷವಾಗಿ ಗಮನಿಸುವುದು. ಕಂಪನ ಯಂತ್ರ ಬಳಸಿದ ಬಳಿಕ ಕಣ್ಣಿನೊಳಗಿನ ಕೃತಕ ಮಸೂರವು ಸ್ಥಾನಪಲ್ಲಟಗೊಂಡ ಎರಡು ಪ್ರಕರಣಗಳನ್ನು 2010ರಲ್ಲಿ ಸ್ಪೇನ್ ದೇಶದ ನೇತ್ರತಜ್ಞರು ವರದಿ ಮಾಡಿರುತ್ತಾರೆ. ಇದು ಅಪರೂಪದ ಸಂಗತಿಯಾದರೂ, ನಮ್ಮ ಹಳ್ಳಿಗಳಲ್ಲಿ ಪೊರೆಯ ಶಸ್ತ್ರಚಿಕಿತ್ಸೆ ಆಗಿರುವ ಹಿರಿಯರು ಬಹಳ ಮಂದಿ ಇರುವುದರಿಂದ ಎಚ್ಚರಿಕೆ ಅವಶ್ಯ.

8. ಬಳಸಲೇಬೇಕೆಂದಿರುವವರಿಗೆ ಸೂಚನೆಗಳು

(1) ಮೊದಲ ಕೆಲವು ಬಾರಿ ಫಿಸಿಯೊಥೆರಪಿ ತಜ್ಞರ ಸಮ್ಮುಖದಲ್ಲಿಯೇ ಬಳಸುವುದು.
(2) ಮಂಡಿಯನ್ನು ಸ್ವಲ್ಪ ಬಗ್ಗಿಸಿ, ಕಂಬಿಯನ್ನು ಹಿಡಿದು ನಿಲ್ಲುವುದು.
(3) ಒಮ್ಮೆಗೆ 30 ರಿಂದ 60 ಸೆಕೆಂಡು ಮಾತ್ರ. ನಡುವೆ ಅಷ್ಟೇ ವಿಶ್ರಾಂತಿ. ವಾರಕ್ಕೆ ಎರಡು–ಮೂರು ದಿನ ಸಾಕು.
(4) ಅತಿ ಕಡಿಮೆ ಮಟ್ಟದಿಂದ ಆರಂಭಿಸುವುದು.
(5) ತಲೆಸುತ್ತು, ದೃಷ್ಟಿ ಮಂಜಾಗುವುದು, ಎದೆನೋವು, ಸೊಂಟನೋವು ಕಂಡರೆ ತಕ್ಷಣ ನಿಲ್ಲಿಸಿ ವೈದ್ಯರನ್ನು ಕಾಣುವುದು.
(6) ಸುಮ್ಮನೆ ನಿಲ್ಲುವುದಕ್ಕಿಂತ ಹಲಗೆಯ ಮೇಲೆ ನಿಧಾನವಾಗಿ ಅರ್ಧ ಬಸ್ಕಿ ಮಾಡುವುದು ಹೆಚ್ಚು ಪ್ರಯೋಜನಕರ.

9. ಯಂತ್ರವಿಲ್ಲದೆ ಮಾಡಬಹುದಾದ ಕ್ರಮಗಳು

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆಯಲ್ಲಿ ತೊಡಗಬೇಕು. ಇದರ ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಮಾಡಬೇಕು. 65 ವರ್ಷ ದಾಟಿದವರು ವಾರಕ್ಕೆ ಮೂರು ದಿನ ಸಮತೋಲನದ ಅಭ್ಯಾಸವನ್ನೂ ಮಾಡಬೇಕು. ಅಯ್ಯನಕೆರೆಯ ಏರಿಯ ಮೇಲಾಗಲಿ, ತೋಟದ ದಾರಿಯಲ್ಲಾಗಲಿ, ಶಾಲೆಯ ಮೈದಾನದಲ್ಲಾಗಲಿ ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆದರೆ ಮೊದಲ ಅಂಶ ಪೂರೈಸುತ್ತದೆ. ಇದಕ್ಕೆ ಶುಲ್ಕವಿಲ್ಲ.

ಸ್ನಾಯುಬಲವನ್ನು ಮನೆಯಲ್ಲಿಯೇ ಪರೀಕ್ಷಿಸಿಕೊಳ್ಳುವ ವಿಧಾನ: ಕೈಯಾಸರೆಯಿಲ್ಲದ ಕುರ್ಚಿಯ ಮೇಲೆ ಕುಳಿತು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಐದು ಬಾರಿ ಪೂರ್ಣವಾಗಿ ಎದ್ದು ಕುಳಿತುಕೊಳ್ಳುವುದು. ಇದಕ್ಕೆ 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಸಮಯ ಹಿಡಿದರೆ ಸ್ನಾಯುಗಳು ದುರ್ಬಲವಾಗಿರಬಹುದೆಂದು ಏಷ್ಯಾದ ತಜ್ಞರ ತಂಡವು 2019ರಲ್ಲಿ ತಿಳಿಸಿದೆ. ವೃದ್ಧರು ಪರೀಕ್ಷಿಸಿಕೊಳ್ಳುವಾಗ ಪಕ್ಕದಲ್ಲಿ ಒಬ್ಬರು ಇರತಕ್ಕದ್ದು.

ಈ ಪರೀಕ್ಷೆಯೇ ಉತ್ತಮ ವ್ಯಾಯಾಮವೂ ಹೌದು. ಕುರ್ಚಿಯಿಂದ ಎಂಟು–ಹತ್ತು ಬಾರಿ ಎದ್ದು ಕೂರುವುದು, ಬಾಗಿಲ ಚೌಕಟ್ಟು ಹಿಡಿದು ತುದಿಗಾಲಿನ ಮೇಲೆ ನಿಲ್ಲುವುದು, ಮೆಟ್ಟಿಲು ಹತ್ತುವುದು – ಇವುಗಳನ್ನು ವಾರಕ್ಕೆ ಎರಡು–ಮೂರು ದಿನ ಮಾಡಬಹುದು. ಗರಡಿಮನೆಗಳಲ್ಲಿ ಬಸ್ಕಿ ಹೊಡೆಸುತ್ತಿದ್ದ ನಮ್ಮ ಹಿರಿಯರಿಗೆ ಈ ತತ್ತ್ವ ತಿಳಿದಿತ್ತು.

ಸ್ನಾಯುಗಳಿಗೆ ಪ್ರೋಟೀನ್ ಅಗತ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಪ್ರತಿ ಕಿಲೋ ದೇಹತೂಕಕ್ಕೆ ದಿನಕ್ಕೆ 0.83 ಗ್ರಾಂ, ಅಂದರೆ 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ, ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ದೊರೆಯುತ್ತದೆ. ಮುದ್ದೆಯ ಜೊತೆಗೆ ಹುರುಳಿ, ಅವರೆ ಅಥವಾ ಅಲಸಂದೆಯ ಸಾರು ಇದ್ದರೆ ಮೂಳೆಗೆ ರಾಗಿಯ ಕ್ಯಾಲ್ಸಿಯಂ, ಸ್ನಾಯುವಿಗೆ ಕಾಳಿನ ಪ್ರೋಟೀನ್ ಎರಡೂ ಒದಗುತ್ತವೆ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳಿ ಪ್ರಮಾಣ ನಿರ್ಧರಿಸಿಕೊಳ್ಳುವುದು.

10. ಲಭ್ಯವಿರುವ ಸರ್ಕಾರಿ ಸೇವೆಗಳು

(ಅ) ತಪಾಸಣೆ: ಅಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದಡಿ 30 ವರ್ಷ ಮೇಲ್ಪಟ್ಟ ಎಲ್ಲರಿಗೂ ರಕ್ತದೊತ್ತಡ, ಮಧುಮೇಹ ಹಾಗೂ ಸಾಮಾನ್ಯ ಕ್ಯಾನ್ಸರ್‌ಗಳ ತಪಾಸಣೆಯನ್ನು ಉಚಿತವಾಗಿ ಮಾಡಲಾಗುತ್ತದೆ. ಆಶಾ ಕಾರ್ಯಕರ್ತೆಯರು ಮನೆಗೆ ಬಂದಾಗ ಭರ್ತಿ ಮಾಡುವ ನಮೂನೆಯಲ್ಲಿ ವಯಸ್ಸು, ತಂಬಾಕು ಹಾಗೂ ಮದ್ಯ ಸೇವನೆ, ಸೊಂಟದ ಸುತ್ತಳತೆ, ವಾರಕ್ಕೆ 150 ನಿಮಿಷದ ದೈಹಿಕ ಚಟುವಟಿಕೆ ಹಾಗೂ ಕುಟುಂಬದ ಕಾಯಿಲೆಗಳ ವಿವರ ಕೇಳಲಾಗುತ್ತದೆ. ಒಟ್ಟು ಅಂಕ 4 ಮೀರಿದವರನ್ನು ಆದ್ಯತೆಯ ಮೇಲೆ ತಪಾಸಣೆಗೆ ಕಳುಹಿಸಲಾಗುತ್ತದೆ. ನಾಗರಿಕರು ಸಂಕೋಚಪಡದೆ ನಿಜವಾದ ವಿವರಗಳನ್ನೇ ನೀಡುವುದು.

(ಆ) ಚಿಕಿತ್ಸೆ: ಸಖರಾಯಪಟ್ಟಣ ಭಾಗದವರು ಮೊದಲು ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗತಕ್ಕದ್ದು. ಅಲ್ಲಿಯ ವೈದ್ಯಾಧಿಕಾರಿಗಳ ಸಲಹೆಯಂತೆ ಕಡೂರಿನ ತಾಲ್ಲೂಕು ಆಸ್ಪತ್ರೆಗೆ ಅಥವಾ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು.

(ಇ) ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ: ಬಿ.ಪಿ.ಎಲ್. ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಇತರರಿಗೆ ನಿಗದಿತ ದರದ ಶೇಕಡ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿಗಳ ಮಿತಿಗೊಳಪಟ್ಟು ಭರಿಸಲಾಗುತ್ತದೆ. ಆಧಾರ್ ಕಾರ್ಡ್ ಹಾಗೂ ಪಡಿತರ ಚೀಟಿಯೊಂದಿಗೆ ಗ್ರಾಮ ಒನ್ ಕೇಂದ್ರದಲ್ಲಿ ಕಾರ್ಡ್ ಪಡೆಯಬಹುದು. ಇದು ಚಿಕಿತ್ಸೆಗೆ ಇರುವ ಯೋಜನೆ. ಮನೆಬಳಕೆಯ ವ್ಯಾಯಾಮ ಯಂತ್ರಗಳ ಖರೀದಿಗಲ್ಲ.

11. ಖರೀದಿಗೆ ಮುನ್ನ ಹಾಗೂ ದೂರು ಸಲ್ಲಿಸುವ ಬಗೆ

ಯಂತ್ರವನ್ನು ಕೊಳ್ಳುವವರು ಕಂಪನದ ಸಂಖ್ಯೆ, ಕಂಪನದ ಅಳತೆ, ಖಾತರಿಯ ಅವಧಿ ಹಾಗೂ ಹಿಂದಿರುಗಿಸುವ ನಿಯಮಗಳನ್ನು ಲಿಖಿತದಲ್ಲಿ ಕೇಳಿ ಪಡೆಯುವುದು. ರಸೀದಿಯನ್ನೂ ಜಾಹೀರಾತಿನ ಪ್ರತಿಯನ್ನೂ ಕಾಯ್ದಿರಿಸಿಕೊಳ್ಳುವುದು.

ಬೊಜ್ಜು ಗುಣಪಡಿಸುವುದಾಗಿ ಔಷಧಿಗಳ ಜಾಹೀರಾತು ನೀಡುವುದನ್ನು 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳು) ಅಧಿನಿಯಮವು ನಿಷೇಧಿಸಿದೆ. ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರ ಅನ್ವಯ ಸುಳ್ಳು ಅಥವಾ ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 10 ಲಕ್ಷ ರೂಪಾಯಿಗಳವರೆಗೆ, ಮರುಕಳಿಸಿದಲ್ಲಿ 50 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದೆ. ವಂಚನೆಗೆ ಒಳಗಾದವರು ಕೆಳಕಂಡಂತೆ ಕ್ರಮ ವಹಿಸಬಹುದು:

(1) ಮೊದಲು ಮಾರಾಟಗಾರರಿಗೆ ಲಿಖಿತ ದೂರು. ಆನ್‌ಲೈನ್ ಮಾರಾಟ ಸಂಸ್ಥೆಯ ಕುಂದುಕೊರತೆ ಅಧಿಕಾರಿಯು 48 ಗಂಟೆಗಳೊಳಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಪರಿಹರಿಸತಕ್ಕದ್ದು.
(2) ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಉಚಿತ ಕರೆ.
(3) ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು. ಮಾರಾಟಗಾರರು ಬೇರೆ ಊರಿನವರಾದರೂ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. 5 ಲಕ್ಷ ರೂಪಾಯಿಗಳವರೆಗಿನ ಖರೀದಿಗೆ ಶುಲ್ಕವಿರುವುದಿಲ್ಲ. ವ್ಯಾಜ್ಯಕಾರಣ ಉಂಟಾದ ಎರಡು ವರ್ಷಗಳೊಳಗೆ ದೂರು ದಾಖಲಾಗಬೇಕು.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮಂಡಿನೋವಿನಿಂದ ನಡೆಯಲಾಗುತ್ತಿಲ್ಲ. ಯಂತ್ರವೇ ಗತಿಯಲ್ಲವೇ?
ಉತ್ತರ: ಮೊದಲು ನೋವಿಗೆ ಕಾರಣ ತಿಳಿಯಬೇಕು. ಕುರ್ಚಿಯಲ್ಲಿ ಕುಳಿತು ಕಾಲನ್ನು ಮುಂದಕ್ಕೆ ಚಾಚಿ ಹಿಡಿಯುವಂತಹ ಸರಳ ವ್ಯಾಯಾಮಗಳಿಂದ ತೊಡೆಯ ಸ್ನಾಯು ಬಲಗೊಂಡರೆ ನಡಿಗೆ ಸಾಧ್ಯವಾಗಬಹುದು. ತಜ್ಞರು ಸೂಚಿಸಿದಲ್ಲಿ ಮಾತ್ರ ಕಂಪನ ವ್ಯಾಯಾಮವನ್ನು ಸೇರಿಸಿಕೊಳ್ಳಬಹುದು.

ಪ್ರಶ್ನೆ: ಯಂತ್ರ ಬಳಸಿದ ಮೇಲೆ ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಬಹುದೇ?
ಉತ್ತರ: ಖಂಡಿತವಾಗಿಯೂ ನಿಲ್ಲಿಸಬಾರದು. ರಕ್ತಪರೀಕ್ಷೆಯ ನಂತರ ವೈದ್ಯರೇ ತೀರ್ಮಾನಿಸತಕ್ಕದ್ದು.

ಪ್ರಶ್ನೆ: ಸೊಂಟಕ್ಕೆ ಕಟ್ಟುವ ಕಂಪಿಸುವ ಪಟ್ಟಿಯಿಂದ ಹೊಟ್ಟೆಯ ಕೊಬ್ಬು ಕರಗುವುದೇ?
ಉತ್ತರ: ಇಲ್ಲ. ಒಂದು ಭಾಗವನ್ನು ಅಲುಗಾಡಿಸಿದ ಮಾತ್ರಕ್ಕೆ ಆ ಭಾಗದ ಕೊಬ್ಬು ಕರಗುವುದಿಲ್ಲ. ಕೊಬ್ಬು ಇಳಿಯುವುದು ಇಡೀ ದೇಹದ ಜಮಾ-ಖರ್ಚಿನ ಪ್ರಕಾರವೇ.

ಪ್ರಶ್ನೆ: ಈಗಾಗಲೇ ಯಂತ್ರ ಕೊಂಡಿದ್ದೇನೆ. ಏನು ಮಾಡಲಿ?
ಉತ್ತರ: ಕಂಡಿಕೆ 7ರಲ್ಲಿ ತಿಳಿಸಿದ ತೊಂದರೆಗಳು ತಮಗೆ ಇಲ್ಲದಿದ್ದಲ್ಲಿ ಕಂಡಿಕೆ 8ರಂತೆ ಮಿತವಾಗಿ ಬಳಸಬಹುದು. ದಿನದ ನಡಿಗೆಯನ್ನು ಮಾತ್ರ ಬಿಡಬಾರದು.

ಸಾರ್ವಜನಿಕರು ಯಾವುದೇ ಯಂತ್ರಕ್ಕೆ ಹಣ ಪಾವತಿಸುವ ಮುನ್ನ ಒಮ್ಮೆ ಸಮೀಪದ ಆರೋಗ್ಯ ಕೇಂದ್ರದಲ್ಲಿ ತೂಕ, ಸೊಂಟದ ಸುತ್ತಳತೆ, ರಕ್ತದೊತ್ತಡ ಹಾಗೂ ರಕ್ತದ ಸಕ್ಕರೆಯ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಕೋರಲಾಗಿದೆ. ಈ ಲೇಖನವು ತಿಳುವಳಿಕೆಗಾಗಿ ಮಾತ್ರ ಇದ್ದು, ವೈದ್ಯರ ಸಲಹೆಗೆ ಪರ್ಯಾಯವಾಗಿರುವುದಿಲ್ಲ.